ನೆಲ ಮೊದಲು, ನೆನಪು ಆಮೇಲೆ

ಶರಾವತಿ ಕಣಿವೆ ಒಂದೇ ಸಲಕ್ಕೆ ಮುಳುಗಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾನು, ಗದ್ದೆಗಳ ನಡುವೆ ಹರಿದು ಸಾಗರದ ಸೀಮೆಗೆ ಬರುವ ಈ ಹೊಳೆಗೆ ಮೊದಲು ಅಡ್ಡ ನಿಂತದ್ದು ಮಡೆನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಒದಗಿಸಿದ್ದು ಅದೇ. ಆ ಹಿನ್ನೀರಿಗೆ ಗದ್ದೆ ಬಿಟ್ಟುಕೊಟ್ಟು ದಿಬ್ಬದ ಮೇಲೆ ಮನೆ ಕಟ್ಟಿಕೊಂಡವರು ಹದಿನೈದು, ಹದಿನಾರು ವರ್ಷಗಳಲ್ಲಿ ಮತ್ತೆ ಎದ್ದು ಹೊರಡಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡ ಮೇಲೆ ಹಿರೇಭಾಸ್ಕರದ ಅಣೆಕಟ್ಟೇ ನೀರಿನಡಿಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಗೋಡೆ ಈಗಲೂ ತಲೆ ಎತ್ತುತ್ತದೆ. ನೋಡಲು ಜನ ಹೋಗುತ್ತಾರೆ.

ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನಾ ಅಚ್ಚಾಗುವ ಈ ಅಂಕಿ ಅಂದಿನ ಕಣಿವೆಯವರಿಗೆ ಬದುಕಿನ ಗೆರೆಯಾಗಿತ್ತು. ಗೆರೆಯಿಂದ ಕೆಳಗಿದ್ದ ಮನೆ, ತೋಟ, ಗದ್ದೆ, ಬನ ಎಲ್ಲವೂ ಹೋಗಬೇಕು. ಸುಮಾರು 300 ಚದರ ಕಿಲೋಮೀಟರ್ ಹರಹಿನಲ್ಲಿ 151 ಟಿಎಂಸಿ ಅಡಿ ನೀರು ನಿಂತಿತು. ಶರಾವತಿ ವಿದ್ಯುದಾಗಾರ ಮುಂದೆ 1035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ದಶಕಗಳ ಕಾಲ ನಾಡಿನ ಕಾರ್ಖಾನೆಗಳೂ ಬೆಂಗಳೂರಿನ ದೀಪಗಳೂ ಆ ನೀರಿನ ಬಲದಿಂದ ನಡೆದವು. ಆ ವಿದ್ಯುತ್ತಿನ ಅಗತ್ಯ ನಿಜವಾದದ್ದು. ಅದನ್ನು ಅಲ್ಲಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ. ಹೊರಟವರ ಮನಸ್ಸಿಗೆ ಏನಾಯಿತು, ಅದನ್ನು ವೈದ್ಯಶಾಸ್ತ್ರ ಯಾವಾಗ ಗುರುತಿಸಲು ಕಲಿಯಿತು, ಕಲಿತದ್ದು ಈ ಜನರ ಬಾಗಿಲಿಗೆ ಬಂತೇ ಎಂಬುದು ನನ್ನ ಪ್ರಶ್ನೆ.

ಮಲೆನಾಡಿನ ಮನೆ ಅರ್ಧ ಮರ, ಅರ್ಧ ಮಣ್ಣು. ಕಂಬ, ತೊಲೆ, ಜಂತಿ, ಬಾಗಿಲು, ಹಂಚು ಎಲ್ಲ ಬಿಚ್ಚಿ ಗಾಡಿಗೋ ಲಾರಿಗೋ ಹೇರಬಹುದು. ಗೋಡೆಯನ್ನು ಹೇರಲಾಗದು. ದೀವರ ಹೆಂಗಸರು ಮದುವೆಯ ಹೊತ್ತಿಗೆ ಹಸೆ ಚಿತ್ತಾರ ಬರೆಯುತ್ತಿದ್ದದ್ದು ಆ ಗೋಡೆಗಳ ಮೇಲೆ. ಹವ್ಯಕರ ಅಡಿಕೆ ತೋಟ ಕಣಿವೆಯ ತಂಪಿನಲ್ಲಿ, ಹಿಂದಿನ ಸೊಪ್ಪಿನ ಬೆಟ್ಟದ ಆಸರೆಯಲ್ಲಿ ಬೆಳೆದದ್ದು. ಸಸಿ ನೆಟ್ಟು ಫಸಲು ಕಾಣಲು ಆರೇಳು ವರ್ಷ ಬೇಕು. ಕೊನೆಯ ಬೆಳೆ ಕೊಯ್ದವನಿಗೆ ಹೊಸ ಜಾಗದಲ್ಲಿ ಮೊದಲ ಕೊನೆ ಕೈಗೆ ಸಿಗುವ ಹೊತ್ತಿಗೆ ಮಗ ದೊಡ್ಡವನಾಗಿರುತ್ತಿದ್ದ. ಭೂಮಿ ಹುಣ್ಣಿಮೆಯಲ್ಲಿ ಬಸುರಿ ಗದ್ದೆಗೆ ಬಯಕೆಯೂಟ ಬಡಿಸುತ್ತಿದ್ದ ಜನಕ್ಕೆ ಆ ಗದ್ದೆಯನ್ನು ನೀರಿಗೆ ಬಿಟ್ಟು ಬರುವುದು ಆಸ್ತಿ ಕಳೆದುಕೊಂಡಷ್ಟೇ ಆಗಿರಲಿಲ್ಲ. ಊರಿನ ಚೌಡಿ, ನಾಗರಬನ, ಹಿರಿಯರನ್ನು ಸುಟ್ಟ ಜಾಗ ಇವೆಲ್ಲ 1819ರ ಕೆಳಗಿದ್ದವು.

ಪರಿಹಾರದ ಲೆಕ್ಕ ಬೇರೆ ಇತ್ತು. ಭೂಸ್ವಾಧೀನದ ಕಾನೂನು 1894ರ ಕಾಲದ್ದು. ಮಾರುಕಟ್ಟೆ ಬೆಲೆ, ಮರಗಳ ಎಣಿಕೆ, ಕಟ್ಟಡದ ಮೌಲ್ಯ, ಬಲವಂತದ ಸ್ವಾಧೀನವೆಂದು ಬೆಲೆಯ ಮೇಲೆ ಒಂದಿಷ್ಟು ಶೇಕಡಾ ಹೆಚ್ಚುವರಿ ಹಣ, ಅಲ್ಲಿಗೆ ಮುಗಿಯಿತು. ಅದೂ ಪಹಣಿಯಲ್ಲಿ ಹೆಸರಿದ್ದವರಿಗೆ. ಸಾಗರ ಸೀಮೆಯ ಬಹುಪಾಲು ಉಳುವವರು ಗೇಣಿದಾರರು. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಅನ್ಯಾಯದಿಂದ ಹೊತ್ತಿಕೊಂಡ ಸತ್ಯಾಗ್ರಹ ರಾಮಮನೋಹರ ಲೋಹಿಯಾ ಅವರನ್ನು ಇಲ್ಲಿಗೆ ಕರೆತಂದಿತ್ತು, ಶಾಂತವೇರಿ ಗೋಪಾಲಗೌಡರನ್ನು ನಾಡಿನ ನಾಯಕರನ್ನಾಗಿ ಮಾಡಿತ್ತು. ಆದರೆ ಉಳುವವನಿಗೆ ಭೂಮಿಯ ಒಡೆತನ ದಕ್ಕಿಸಿದ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ನೀರು ಅದಕ್ಕೆ ಹತ್ತು ವರ್ಷ ಮೊದಲೇ ಬಂದಿತ್ತು. ತಲೆಮಾರುಗಳಿಂದ ಉತ್ತ ಗದ್ದೆಗೆ ಕಾಗದದಲ್ಲಿ ತಾನು ಯಾರೂ ಅಲ್ಲ ಎಂದು ಗೇಣಿದಾರನಿಗೆ ಗೊತ್ತಾದದ್ದು ಆ ಗದ್ದೆ ಮುಳುಗುವ ಹೊತ್ತಿನಲ್ಲಿ.

ಹೊರಟವರು ಶಿವಮೊಗ್ಗ, ಹೊಸನಗರ, ಸೊರಬ ಎಂದು ಚದುರಿದರು. ಒಂದೇ ಕೇರಿಯವರು ಬೇರೆ ಬೇರೆ ತಾಲ್ಲೂಕಿನವರಾದರು. ಹೊರಡದೆ ಮೇಲಕ್ಕೆ ಸರಿದವರು ಕರೂರು, ಭಾರಂಗಿ ಹೋಬಳಿಗಳಲ್ಲಿ ಹಿನ್ನೀರಿನ ಆಚೆ ಉಳಿದರು. ತುಮರಿ, ಬ್ಯಾಕೋಡಿನವರಿಗೆ ಸಾಗರ ಪೇಟೆ ಎಂದರೆ ಹೊಳೆಬಾಗಿಲಿನ ಲಾಂಚಿಗೆ ಕಾಯುವುದು ಎಂದಾಯಿತು. ಹೆರಿಗೆ ನೋವು, ಹಾವು ಕಡಿತ, ಎದೆನೋವು ಯಾವುದಾದರೂ ಸಂಜೆ ಕೊನೆಯ ಲಾಂಚು ಹೋದ ಮೇಲೆ ಬಂದರೆ ದೇವರೇ ಗತಿ. ನಾಡಿಗೆ ಬೆಳಕು ಕೊಟ್ಟವರ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿ ಉರಿಯಿತು.

ಅದೇ ವರ್ಷಗಳಲ್ಲಿ, ದೂರದ ಅಮೆರಿಕದಲ್ಲಿ ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಬಡಾವಣೆಯವರನ್ನು ಮಾತಾಡಿಸುತ್ತಿದ್ದ. ನಗರ ಸುಧಾರಣೆಯ ಹೆಸರಿನಲ್ಲಿ ಆ ಬಡವರ ಕೇರಿಯನ್ನು ಕೆಡವಿ ಹಾಕಲಾಗಿತ್ತು. ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಮನೆ ಬಿಟ್ಟ ಮೇಲೆ ಬಹುಕಾಲ, ಅವರಲ್ಲಿ ಎಷ್ಟೋ ಮಂದಿ ಎರಡು ವರ್ಷವಾದ ಮೇಲೂ, ಹತ್ತಿರದವರು ಸತ್ತಾಗ ಕೊರಗುವ ಹಾಗೆ ಕೊರಗಿದ್ದರು. 1963ರಲ್ಲಿ ಫ್ರೀಡ್ ಅದನ್ನು ಪ್ರಕಟಿಸಿದ. ಇಲ್ಲಿ ಲಿಂಗನಮಕ್ಕಿಯ ಗೋಡೆ ಆಗ ಮೇಲೇಳುತ್ತಿತ್ತು. ಆಫ್ರಿಕದ ಜಾಂಬೆಜಿ ನದಿಯ ಕರೀಬಾ ಅಣೆಕಟ್ಟಿಗಾಗಿ ಎಬ್ಬಿಸಿದ ಸುಮಾರು 57,000 ಟೋಂಗಾ ಜನರ ನಡುವೆ ಎಲಿಜಬೆತ್ ಕೋಲ್ಸನ್ ಮತ್ತು ಥೇಯರ್ ಸ್ಕಡರ್ 1956ರಿಂದಲೇ ಕೆಲಸ ಮಾಡುತ್ತಿದ್ದರು. ದಶಕಗಳ ಕಾಲ ಅವರು ಆ ಜನರನ್ನು ಬಿಡಲಿಲ್ಲ. ಎತ್ತಂಗಡಿಯಾದವರ ಮೇಲೆ ಮೂರು ಬಗೆಯ ಒತ್ತಡ ಒಟ್ಟಿಗೇ ಬೀಳುತ್ತದೆ ಎಂದು ತೋರಿಸಿದರು: ದೇಹದ್ದು, ಮನಸ್ಸಿನದು, ಸಮಾಜದ್ದು. ಮನಸ್ಸಿನ ಒತ್ತಡದಲ್ಲಿ ಕಳೆದ ಮನೆಯ ಶೋಕವೂ ಇದೆ, ಮುಂದೇನು ಎಂಬ ಆತಂಕವೂ ಇದೆ. ಮಡೆನೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಯೋಜನೆ ಬರೆಯುವವರಿಗೆ ಬೇಕಿತ್ತು.

1972ರ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆನಿಸುತ್ತದೆ. ಆ ವರ್ಷ ಶರಾವತಿ ಕಣಿವೆ ವನ್ಯಜೀವಿಧಾಮವಾಯಿತು. ನೀರಿಗೆ ಹೆದರಿ ಗುಡ್ಡ ಹತ್ತಿದವರು ಎಂಟು ವರ್ಷಕ್ಕೆ ಅಭಯಾರಣ್ಯದ ಕಾನೂನಿನೊಳಗೆ ಸಿಕ್ಕಿದರು. ಅದೇ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ಕೊಳೆನೀರಿನ ಕಟ್ಟೆಯೊಡೆದು 125 ಜನ ಸತ್ತರು. ಉಳಿದವರನ್ನು ಯಾರ ನೆರೆಯಲ್ಲಿ ಯಾರಿದ್ದರು ಎಂದು ನೋಡದೆ ತಾತ್ಕಾಲಿಕ ಶಿಬಿರಗಳಿಗೆ ಹಂಚಲಾಯಿತು. ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್ 1976ರ ತನ್ನ ಪುಸ್ತಕದಲ್ಲಿ ಅವರ ಕತೆ ಬರೆದು ಒಂದು ಮುಖ್ಯ ಭೇದ ಮಾಡಿದ: ಒಬ್ಬೊಬ್ಬರ ಮನಸ್ಸಿಗೆ ಬೀಳುವ ಪೆಟ್ಟು ಒಂದು, ಜನರನ್ನು ಒಬ್ಬರಿಗೊಬ್ಬರು ಕಟ್ಟಿರುವ ಬಂಧಕ್ಕೆ ಬೀಳುವ ಪೆಟ್ಟು ಇನ್ನೊಂದು. ಎರಡನೆಯದು ಸದ್ದಿಲ್ಲದೆ ಬರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಮೊದಲನೆಯದು ಮಾಯಲು ಬೇಕಾದ ಆಸರೆಯನ್ನೇ ಅದು ಕಿತ್ತುಹಾಕುತ್ತದೆ. ಒಂದು ಕೇರಿಯನ್ನು ಹಲವು ತಾಲ್ಲೂಕಿಗೆ ಚದುರಿಸಿದ್ದರ ಅರ್ಥ ನನಗೆ ಆದದ್ದು ಎರಿಕ್ಸನ್‌ನ ಈ ಮಾತಿನಿಂದ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಕೈಪಿಡಿಯ ಮೂರನೆಯ ಆವೃತ್ತಿಯನ್ನು ಹೊರತಂದಿತು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಮತ್ತು ಬಾರ್ಡರ್‌ಲೈನ್ ವ್ಯಕ್ತಿತ್ವದ ಕಾಯಿಲೆ ಇವೆರಡೂ ಆ ಕೈಪಿಡಿಯಲ್ಲಿ ಅಧಿಕೃತ ಸ್ಥಾನ ಪಡೆದವು. ಮೊದಲನೆಯದು ಬಂದದ್ದು ಸುಲಭವಾಗಿಯಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಗುಂಪು ಕೂಡಿ ತಮ್ಮ ದುಃಸ್ವಪ್ನಗಳನ್ನು ಮಾತಾಡಿಕೊಳ್ಳತೊಡಗಿದ್ದರು. ರಾಬರ್ಟ್ ಲಿಫ್ಟನ್, ಖೈಮ್ ಷಾಟನ್‌ರಂಥ ವೈದ್ಯರು ಅವರ ಪಕ್ಕ ಕೂತು ಕೇಳಿ, ಹಟ ಹಿಡಿದು ಹೋರಾಡಿದ ಮೇಲೆ ಆ ಹೆಸರು ಪುಸ್ತಕಕ್ಕೆ ಬಂತು. ಎರಡನೆಯದು ಬೇರೆ ಬಗೆಯ ನರಳಾಟ: ಕ್ಷಣಕ್ಕೊಂದು ಭಾವದ ಬಿರುಗಾಳಿ, ಬಿಟ್ಟುಹೋಗುತ್ತಾರೆಂಬ ತಡೆಯಲಾಗದ ಭಯ, ತನ್ನ ಮೈಯನ್ನೇ ಗಾಯ ಮಾಡಿಕೊಳ್ಳುವುದು, ಸಾಯಲು ಮತ್ತೆ ಮತ್ತೆ ಹೊರಡುವುದು. ವೈದ್ಯರೇ ಅಂಥವರನ್ನು ಕಂಡರೆ ಬೇಸರಪಡುತ್ತಿದ್ದ ಕಾಲ ಅದು. ಜೂಡಿತ್ ಹರ್ಮನ್ ಮತ್ತು ಸಂಗಡಿಗರು 1989ರಲ್ಲಿ, ಇಂಥವರಲ್ಲಿ ಬಹಳ ಮಂದಿಯ ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ ನಡೆದಿದೆ ಎಂದು ತೋರಿಸಿದಾಗ ಎರಡು ಕಾಯಿಲೆಗಳ ಬೇರು ಎಲ್ಲಿ ಕೂಡುತ್ತದೆ ಎಂಬುದು ಕಾಣತೊಡಗಿತು.

ಅದೇ 1980ರಲ್ಲಿ ಭಾರತ ಸರ್ಕಾರ ಅರಣ್ಯ ಸಂರಕ್ಷಣಾ ಕಾಯ್ದೆ ತಂದಿತು. ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಲು ಕೇಂದ್ರದ ಅನುಮತಿ ಬೇಕಾಯಿತು. ಕಾಡು ಉಳಿಸಲು ಅದು ಬೇಕಾದ ಕಾಯ್ದೆಯೇ. ಆದರೆ ಮುಳುಗಡೆಯವರಿಗೆ ಕೊಟ್ಟ ನೆಲದ ಬಹುಭಾಗ ಕಾಡಿನಿಂದಲೇ ಬಿಡಿಸಿದ್ದು, ಕಾಗದ ಪೂರ್ತಿಯಾಗದೆ ಉಳಿದದ್ದು. ಗಾಯಕ್ಕೆ ಶಾಸ್ತ್ರದಲ್ಲಿ ಹೆಸರು ಸಿಕ್ಕ ವರ್ಷವೇ ಹಕ್ಕುಪತ್ರದ ದಾರಿ ಇನ್ನಷ್ಟು ಕಡಿದಾಯಿತು.

ಕರ್ನಾಟಕದಲ್ಲಿ ಈ ಹೊಸ ಕಣ್ಣಿನಿಂದ ವಿಪತ್ತನ್ನು ನೋಡುವ ಕೆಲಸ ಬೆಂಗಳೂರಿನಲ್ಲಿ ಆರಂಭವಾಯಿತು. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನ ಸಂಶೋಧಕರು ಮಕ್ಕಳನ್ನು ಕಳೆದುಕೊಂಡ ಮನೆಗಳ ಶೋಕವನ್ನು ಅಧ್ಯಯನ ಮಾಡಿದರು. 1984ರ ಭೋಪಾಲ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮನಸ್ಸಿನ ಆರೈಕೆ ಕಲಿಸಿದರು. ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, ಸುನಾಮಿ ಎಲ್ಲ ಕಡೆಗೂ ಈ ಅನುಭವ ಹೋಯಿತು. ಅತ್ತ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ 'ಮಾನಸ' ಆಸ್ಪತ್ರೆ ಕಟ್ಟಿ, ಕತೆ, ಲೇಖನ, ಸಿನಿಮಾಗಳ ಮೂಲಕ ಮನಸ್ಸಿನ ಕಾಯಿಲೆಯ ಮಾತನ್ನು ಮಲೆನಾಡಿನ ಮನೆಮನೆಗೆ ತಂದರು. ಅವರ ಕತೆಯನ್ನು ಸುರೇಶ್ ಹೆಬ್ಳೀಕರ್ 'ಕಾಡಿನ ಬೆಂಕಿ' ಸಿನಿಮಾ ಮಾಡಿದರು. ಭೂತ, ಸೋಕು ಎಂದು ಮುಚ್ಚಿಡುತ್ತಿದ್ದ ಸಂಗತಿಗಳನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬಹುದು ಎಂಬ ಧೈರ್ಯ ಈ ಭಾಗದ ಎಷ್ಟೋ ಮನೆಗಳಿಗೆ ಬಂದದ್ದು ಇಂಥ ಕೆಲಸದಿಂದ.

ಈಗ ಚಿಕಿತ್ಸೆಯ ಕತೆಗೆ ಬರುತ್ತೇನೆ. 1992ರಲ್ಲಿ ಜೂಡಿತ್ ಹರ್ಮನ್ ಆಘಾತ ಮತ್ತು ಚೇತರಿಕೆಯ ಕುರಿತ ತನ್ನ ಪುಸ್ತಕದಲ್ಲಿ ಮೂರು ಹಂತ ಹೇಳಿದಳು: ಮೊದಲು ಸುರಕ್ಷತೆ, ಆಮೇಲೆ ನೆನೆದು ದುಃಖಿಸುವುದು, ಕೊನೆಗೆ ಮತ್ತೆ ಜನರೊಂದಿಗೆ ಬೆರೆಯುವುದು. ಮರುವರ್ಷ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹಾನ್, ಬಾರ್ಡರ್‌ಲೈನ್ ಕಾಯಿಲೆಗೆಂದೇ ತಾನು ರೂಪಿಸಿದ ಡಿಬಿಟಿ ಎಂಬ ಚಿಕಿತ್ಸೆಯ ಗ್ರಂಥ ಪ್ರಕಟಿಸಿದಳು. ಆ ಚಿಕಿತ್ಸೆಗೆ ಎರಡು ಕೈ. ಒಂದು ಕೈ ರೋಗಿಯ ನೋವು ನಿಜ, ಅದಕ್ಕೆ ಕಾರಣವಿದೆ ಎಂದು ಒಪ್ಪಿಕೊಳ್ಳುತ್ತದೆ. ಇನ್ನೊಂದು ಕೈ ಬದಲಾವಣೆಗೆ ಬೇಕಾದ ಕೌಶಲ ಕಲಿಸುತ್ತದೆ. ಹುಟ್ಟಿನಿಂದ ಭಾವ ತೀವ್ರವಾಗಿರುವ ಮಗುವಿಗೆ ಸುತ್ತಲಿನವರು ಸದಾ 'ನಿನಗೇನೂ ಆಗಿಲ್ಲ, ಸುಮ್ಮನೆ ರಂಪ ಮಾಡುತ್ತೀಯ' ಎನ್ನುತ್ತಿದ್ದರೆ ಆ ಮಗು ತನ್ನ ನೋವನ್ನು ತಾನೇ ನಂಬಲಾಗದ ಸ್ಥಿತಿಗೆ ಬರುತ್ತದೆ ಎಂಬುದು ಅವಳ ವಿವರಣೆ. 2011ರಲ್ಲಿ, ಹರೆಯದಲ್ಲಿ ತಾನೇ ಮನೋರೋಗಾಸ್ಪತ್ರೆಯಲ್ಲಿ ವರ್ಷಗಳ ಕಾಲ ನರಳಿದ್ದನ್ನು ಲಿನೆಹಾನ್ ಬಹಿರಂಗವಾಗಿ ಹೇಳಿದಳು.

ಆದರೆ ಒಂದು ತೊಡಕು ಉಳಿದಿತ್ತು. ಪಿಟಿಎಸ್‌ಡಿಗೆ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿ ಆ ಭೀಕರ ನೆನಪನ್ನು ಚಿಕಿತ್ಸಕರ ಜೊತೆ ಕೂತು ಮತ್ತೆ ಮತ್ತೆ ಹೇಳಬೇಕು. ಹೇಳುತ್ತ ಹೇಳುತ್ತ ಅದರ ಹಿಡಿತ ಸಡಿಲವಾಗುತ್ತದೆ. ಎರಡೂ ಕಾಯಿಲೆ ಇರುವವರಿಗೆ, ಅದರಲ್ಲೂ ತಮ್ಮನ್ನೇ ಗಾಯ ಮಾಡಿಕೊಳ್ಳುವವರಿಗೆ, ಇದನ್ನು ಮಾಡಿಸಿದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೆದರುತ್ತಿದ್ದರು. ಹಾಗಾಗಿ ಯಾರಿಗೆ ಆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಸಿಗುತ್ತಿರಲಿಲ್ಲ. ಲಿನೆಹಾನ್ ಜೊತೆ ಕೆಲಸ ಮಾಡಿದ ಮೆಲನಿ ಹಾರ್ನೆಡ್ ಈ ಭಯವನ್ನು ಪರೀಕ್ಷೆಗೆ ಒಡ್ಡಿದಳು. ಮೊದಲು ಡಿಬಿಟಿ. ರೋಗಿ ಕನಿಷ್ಠ ಎರಡು ತಿಂಗಳು ತನ್ನನ್ನು ಗಾಯ ಮಾಡಿಕೊಳ್ಳದೆ ಇದ್ದಾಳೆ ಎಂದಾದ ಮೇಲೆ ನೆನಪಿನ ಕೆಲಸ. 2014ರಲ್ಲಿ ಪ್ರಕಟವಾದ ಆ ಪ್ರಯೋಗ ಚಿಕ್ಕದು, ಇದ್ದದ್ದು 26 ಹೆಂಗಸರು. ಆದರೂ ಫಲ ಸ್ಪಷ್ಟವಾಗಿತ್ತು: ನೆನಪನ್ನು ಎದುರಿಸಿದವರ ಸ್ಥಿತಿ ಹದಗೆಡಲಿಲ್ಲ, ಅವರಲ್ಲಿ ಪಿಟಿಎಸ್‌ಡಿಯಿಂದ ಹೊರಬಂದವರೇ ಹೆಚ್ಚು. ಜರ್ಮನಿಯಲ್ಲಿ ಮಾರ್ಟಿನ್ ಬೋಹುಸ್ ತಂಡ 193 ಹೆಂಗಸರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ದಾರಿಗೆ ಬಲ ಕೊಟ್ಟಿತು. ಸ್ಥಿರತೆ ಬರಲಿ ಎಂದು ವರ್ಷಗಟ್ಟಲೆ ಕಾಯಿಸುವುದೂ ಅನ್ಯಾಯವೇ ಎಂದು ವಾದಿಸುವ ವೈದ್ಯರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ.

ಲಿಂಗನಮಕ್ಕಿಯ ಜನಕ್ಕೆ ಈ ರೋಗಗಳ ಹೆಸರು ಅಂಟಿಸಲು ನಾನು ಇದನ್ನು ಹೇಳುತ್ತಿಲ್ಲ. ಮುಳುಗಡೆಯವರೆಲ್ಲ ರೋಗಿಗಳು ಎನ್ನುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. ಅವರು ಬರಡು ಗುಡ್ಡದಲ್ಲಿ ಬಾವಿ ತೋಡಿದರು, ತೋಟ ಎಬ್ಬಿಸಿದರು, ಮಕ್ಕಳನ್ನು ಓದಿಸಿದರು. ನಾನು ಹೇಳುವುದು ಚಿಕಿತ್ಸೆಯ ಕ್ರಮದ ಬಗ್ಗೆ. ಕಾಲ ಕೆಳಗೆ ಗಟ್ಟಿ ನೆಲ ಬೇಕು, ನೋವು ನಿಜವೆಂದು ಎದುರಿನವರು ಒಪ್ಪಬೇಕು, ಆಮೇಲೆ ನೆನಪಿಗೆ ಕೈ ಹಾಕಬೇಕು. ಶರಾವತಿಯಲ್ಲಿ ಈ ಕ್ರಮ ತಿರುವುಮುರುವಾಯಿತು.

ನೆನಪಿನ ಕೆಲಸ ಇಲ್ಲಿ ಬಹಳ ಹಿಂದೆಯೇ ಆಯಿತು, ವೈದ್ಯರಿಂದಲ್ಲ, ಬರಹಗಾರರಿಂದ. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಜನ ಏಳುವುದನ್ನು ಸರ್ಕಾರದ ಮೇಜಿನ ಈಚೆಯಿಂದ ನೋಡಿದ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. ಗಿರೀಶ್ ಕಾಸರವಳ್ಳಿ 'ದ್ವೀಪ'ವನ್ನು ಸಿನಿಮಾ ಮಾಡಿದಾಗ, ನೀರೇರುತ್ತಿರುವ ಗುಡ್ಡ ಬಿಟ್ಟು ಹೋಗಲೊಪ್ಪದ ಕುಟುಂಬವನ್ನು ಇಡೀ ದೇಶ ನೋಡಿತು, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಗಜಾನನ ಶರ್ಮ 'ಪುನರ್ವಸು'ವಿನಲ್ಲಿ ಭಾರಂಗಿ ಸೀಮೆಯ ಕಳೆದ ಲೋಕವನ್ನು ಮತ್ತೆ ಕಟ್ಟಿಕೊಟ್ಟರು. ಹೇಳಲಾಗದೆ ಕೂತಿದ್ದ ಹಿರಿಯರ ಬಾಯಿಗೆ ಈ ಪುಸ್ತಕಗಳು ಮಾತು ಕೊಟ್ಟವು. ಒಬ್ಬ ಗುಮಾಸ್ತ ತಾನು ಬೆರಳಚ್ಚು ಮಾಡುವ ಆದೇಶಗಳ ಹಿಂದಿನ ಮುಖಗಳನ್ನು ಮರೆಯದೆ ಇದ್ದದ್ದು ಕನ್ನಡದ ಭಾಗ್ಯ ಎಂದೇ ನಾನು ತಿಳಿದಿದ್ದೇನೆ.

ನೆಲದ ಮಾತು ಮಾತ್ರ ಮುಗಿಯಲೇ ಇಲ್ಲ. ಕಂದಾಯದವರು ಕೊಟ್ಟ ಜಾಗ ಅರಣ್ಯದವರ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಸಾಲ ಬೇಕೆಂದರೆ ಪಹಣಿಯಿಲ್ಲ, ಮಗನಿಗೆ ಪಾಲು ಮಾಡಿಕೊಡಲು ದಾಖಲೆಯಿಲ್ಲ. ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ಬಿಡುವ ಡಿನೋಟಿಫಿಕೇಶನ್ ಆದೇಶಗಳು ಬಂದವು ಎಂದು ನೆಮ್ಮದಿಯಾಗುವಷ್ಟರಲ್ಲಿ ಹೈಕೋರ್ಟ್ ತೀರ್ಪು ಬಂದು 2021ರಲ್ಲಿ ಆ ಆದೇಶಗಳು ರದ್ದಾದವು. 1964ರಲ್ಲಿ ಎದ್ದವರ ಮೊಮ್ಮಕ್ಕಳು ಮತ್ತೆ ಪಾದಯಾತ್ರೆ, ಧರಣಿ ಕೂತರು. ನಡುವೆ 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಸುದ್ದಿ ಬಂತು. ಎಂಬತ್ತು ದಾಟಿದ್ದ ಡಿಸೋಜರು ಹೋರಾಟದ ಮುಂದೆ ನಿಂತರು, ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಅದು ತಣ್ಣಗಾಗುವ ಹೊತ್ತಿಗೆ ತಲಕಳಲೆ, ಗೇರುಸೊಪ್ಪೆ ನಡುವಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಹಳೆಯ ಪೆಟ್ಟು ಮಾಯಲು ಅದು ಮುಗಿದಿರಬೇಕು. ಈ ಕಣಿವೆಯಲ್ಲಿ ನೋಟಿಸು ಹಿಡಿದ ಜೀಪು ಬಂದಾಗಲೆಲ್ಲ ಅದು ಮತ್ತೆ ಶುರುವಾಗುತ್ತದೆ. 'ನಿಮಗೇನಾಗಿದೆ, ಪರಿಹಾರ ಕೊಟ್ಟಾಗಿದೆ' ಎಂದು ಅರವತ್ತು ವರ್ಷ ಕೇಳಿಸಿಕೊಂಡ ಜನಕ್ಕೆ, ಲಿನೆಹಾನ್ ಆ ಮಗುವಿನ ಬಗ್ಗೆ ಹೇಳಿದ್ದು ಚೆನ್ನಾಗಿ ಅರ್ಥವಾಗುತ್ತದೆ.

2025ರ ಜನವರಿ 5ರಂದು ಡಿಸೋಜ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ತೆರೆಯಿತು. ಆಸ್ಪತ್ರೆಗೆ ಹೋಗಲು ಲಾಂಚಿಗೆ ಕಾಯಬೇಕಿಲ್ಲ ಎಂಬುದು ದೊಡ್ಡ ಸಂಗತಿ, ಅದನ್ನು ತಡವೆಂದು ಕಡೆಗಣಿಸಲಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ರಾಜ್ಯದಲ್ಲಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 1964ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕಂದಾಯ, ಅರಣ್ಯ ಇಲಾಖೆಗಳ ಜಂಟಿ ಸರ್ವೆ ಮುಗಿಸಿ ಅವರ ಕೈಗೆ ಹಕ್ಕುಪತ್ರ ಕೊಡುವುದು ಮೊದಲ ಕೆಲಸ. ಹಾಗೆ ಕೊಡಲು ಹೋಗುವ ತಂಡದಲ್ಲಿ ಸರ್ವೆಯರು, ಗ್ರಾಮ ಆಡಳಿತಾಧಿಕಾರಿಗಳ ಜೊತೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಒಬ್ಬರು ಇರಲಿ, ಆ ಹಿರಿಯರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ದಾಖಲಿಸುವ ಒಬ್ಬ ವಿದ್ಯಾರ್ಥಿ ಕುವೆಂಪು ವಿಶ್ವವಿದ್ಯಾಲಯದಿಂದ ಬರಲಿ.